ಎಷ್ಟು ಇಂಚು ಎತ್ತರಿಸಿದರೆ ಸಾಕು? ಮೈಸೂರಿನ ಜೀಪುಗಳು ಮತ್ತು ಲಿಫ್ಟ್ ಕಿಟ್ ಆಯ್ಕೆ

ಮೈಸೂರಿನಲ್ಲಿ ಥಾರ್, ಜಿಮ್ನಿ, ಗೂರ್ಖಾ ಅಥವಾ ಹಳೆಯ ಜಿಪ್ಸಿ ಇಟ್ಟುಕೊಂಡವರ ಗಾಡಿ ಎರಡು ಬಗೆಯ ಕೆಲಸ ಮಾಡಬೇಕು. ವಾರದ ನಡುವೆ ಅದು ಬೆಂಗಳೂರಿಗೆ ಹೋಗಿಬರುತ್ತದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ದಶಪಥದ ಮುಖ್ಯ ರಸ್ತೆಯಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿ, ಬಸ್ಸು ಲಾರಿಗಳ ಪಕ್ಕದಲ್ಲಿ ನೆಟ್ಟಗೆ ಓಡಬೇಕು. ಭಾನುವಾರ ಬಂದರೆ ಅದೇ ಗಾಡಿ ಹುಣಸೂರು, ಗೋಣಿಕೊಪ್ಪ ದಾಟಿ ಕೊಡಗಿನ ಕಾಫಿ ತೋಟದ ಕೊರಕಲು ದಾರಿ ಹತ್ತಬೇಕು. ಇಲ್ಲವೇ ಬಿಸಿಲೆ ಕಡೆಯ ಮಳೆಯಲ್ಲಿ ಕೆಸರು ತುಳಿಯಬೇಕು. ಲಿಫ್ಟ್ ಕಿಟ್ ಮಾರುವವರು ಎರಡನೆಯ ಕೆಲಸದ ಚಿತ್ರವನ್ನಷ್ಟೇ ತೋರಿಸುತ್ತಾರೆ. ಕೊಳ್ಳುವವರ ಜೀವ ಮಾತ್ರ ಮೊದಲನೆಯ ಕೆಲಸದ ಮೇಲೂ ನಿಂತಿರುತ್ತದೆ.

ಹಾಗಾಗಿ ಯಾವ ಕಂಪನಿಯ ಕಿಟ್ ಎನ್ನುವುದಕ್ಕಿಂತ ಮೊದಲು, ಎತ್ತರ ನಿಜಕ್ಕೂ ಎಲ್ಲಿ ಬೇಕಾಗುತ್ತದೆ ಎಂಬುದನ್ನು ನೋಡಬೇಕು. ಮೈಸೂರಿನ ಸುತ್ತ ಕಾಡು ಬಹಳ. ಆದರೆ ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ ಮೂರೂ ಹುಲಿ ಮೀಸಲು ಪ್ರದೇಶಗಳು. ಅಲ್ಲಿನ ಕಾಡುದಾರಿಗೆ ಖಾಸಗಿ ಗಾಡಿ ಇಳಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಓಡಾಟವನ್ನೇ 2009ರಿಂದ ನಿರ್ಬಂಧಿಸಲಾಗಿದೆ. ಉಳಿಯುವುದು ಸ್ವಂತ ಅಥವಾ ಸ್ನೇಹಿತರ ತೋಟ, ಜಮೀನಿನ ದಾರಿ, ಕ್ಲಬ್‌ಗಳು ಅನುಮತಿ ಪಡೆದು ನಡೆಸುವ ಟ್ರ್ಯಾಕ್, ಹಾಗೂ ಮಲೆನಾಡಿನ ಹಾಳು ರಸ್ತೆಗಳು. ಆಳ ಕೊರಕಲು, ಕಲ್ಲು ಎದ್ದ ಏರು, ಮಳೆಗಾಲದ ಜಾರುಮಣ್ಣು ಅಲ್ಲಿ ಸಿಗುತ್ತವೆ. ಆಳೆತ್ತರದ ಬಂಡೆ ಹತ್ತುವ ಸಂದರ್ಭ ತೀರಾ ಅಪರೂಪ.

ಈ ದಾರಿಗಳನ್ನು ದಿನನಿತ್ಯ ತುಳಿಯುವವರು ಯಾರು? ಕೊಲ್ಲೂರಿನಿಂದ ಕೊಡಚಾದ್ರಿಗೆ ಯಾತ್ರಿಕರನ್ನು ಕರೆದೊಯ್ಯುವ ಜೀಪಿನವರು, ಮಡಿಕೇರಿ ಬಳಿಯ ಮಾಂದಲ್‌ಪಟ್ಟಿಗೆ ಪ್ರವಾಸಿಗರನ್ನು ಹತ್ತಿಸುವವರು. ಕೊಡಚಾದ್ರಿಯ ಎತ್ತರ 1,343 ಮೀಟರ್. ಅದರ ಕೊನೆಯ ಏರು ರಾಜ್ಯದ ಅತಿ ಕೆಟ್ಟ ಜೀಪುದಾರಿಗಳಲ್ಲಿ ಒಂದು. ಅಲ್ಲಿ ಹೆಚ್ಚಾಗಿ ಕಾಣುವುದು ಕಮಾನು ಪಟ್ಟೆಯ ಮಹೀಂದ್ರ ಜೀಪುಗಳು. ಟಯರ್ ಸಣ್ಣದು, ಎತ್ತರ ಕಾರ್ಖಾನೆಯದ್ದೇ ಅಥವಾ ಅದಕ್ಕೆ ಹತ್ತಿರದ್ದು. ಅವು ಮೇಲೇರುವುದು ಲೋ ಗೇರಿನ ಬಲದಿಂದ, ಸಡಿಲವಾಗಿ ಮಡಿಯುವ ಪಟ್ಟೆಗಳಿಂದ, ಯಾವ ಕಲ್ಲಿನ ಮೇಲೆ ಯಾವ ಗಾಲಿ ಇಡಬೇಕೆಂಬ ಚಾಲಕರ ಅರಿವಿನಿಂದ. ಲಿಫ್ಟ್ ಬೇಕೇ ಬೇಡವೇ ಎಂದು ಯೋಚಿಸುವವರು ದುಡ್ಡು ಕೊಡುವ ಮೊದಲು ಅಂಥ ಜೀಪಿನ ಮುಂದಿನ ಸೀಟಿನಲ್ಲಿ ಒಮ್ಮೆ ಕೂತು ಬರುವುದು ಒಳ್ಳೆಯದು.

ಇನ್ನು ಯಂತ್ರದ ಮಾತು. ಲಿಫ್ಟ್ ಎಂದರೆ ಗಾಲಿಗೂ ಚಾಸಿಗೂ ನಡುವಿನ ಅಂತರ ಹೆಚ್ಚಿಸುವುದು. ಹೀಗೆ ಮಾಡಿದರೆ ಚಾಸಿ, ಪೆಟ್ರೋಲ್ ಟ್ಯಾಂಕು, ಬಂಪರ್, ಫುಟ್‌ಬೋರ್ಡ್ ಮೇಲೇಳುತ್ತವೆ. ಕೊರಕಲಿನ ಅಂಚಿಗೆ ಹೊಟ್ಟೆ ಉಜ್ಜುವುದು ಕಡಿಮೆಯಾಗುತ್ತದೆ. ಆದರೆ ಇಡೀ ಆಕ್ಸಲ್ ಗಾಲಿಯ ಜೊತೆಗೇ ಕುಳಿತಿರುವ ಗಾಡಿಯಲ್ಲಿ, ಆಕ್ಸಲ್ ನಡುವಿನ ಡಿಫರೆನ್ಶಿಯಲ್ ಹೌಸಿಂಗ್ ಒಂದು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಲಾರಿ ಆಕ್ಸಲ್ ತಯಾರಿಸುವ ಆಟೋಮೋಟಿವ್ ಆಕ್ಸಲ್ಸ್ ಕಾರ್ಖಾನೆ ಹುಣಸೂರು ರಸ್ತೆಯಲ್ಲೇ ಇದೆ. ಅಂಥ ಆಕ್ಸಲ್ ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ: ನೆಲಕ್ಕೂ ಆ ಉಬ್ಬಿಗೂ ಎಷ್ಟು ಅಂತರ ಎಂಬುದನ್ನು ತೀರ್ಮಾನಿಸುವುದು ಟಯರ್ ಮಾತ್ರ, ಸ್ಪ್ರಿಂಗ್ ಅಲ್ಲ.

2020ರಲ್ಲಿ ಬಂದ ಥಾರ್‌ನ ಮುಂದಿನ ಗಾಲಿಗಳು ಒಂದಕ್ಕೊಂದು ಸಂಬಂಧವಿಲ್ಲದೆ ಏರಿಳಿಯುತ್ತವೆ. ಹಿಂದೆ ಮಾತ್ರ ಕಾಯಿಲ್ ಸ್ಪ್ರಿಂಗ್ ಮೇಲಿನ ಇಡೀ ಆಕ್ಸಲ್ ಇದೆ. ಆದ್ದರಿಂದ ಥಾರ್ ಅನ್ನು ಎರಡು ಇಂಚು ಎತ್ತರಿಸಿದರೆ ಚಾಸಿಗೆ ಕಟ್ಟಿಕೊಂಡ ಮುಂದಿನ ಡಿಫರೆನ್ಶಿಯಲ್ ಮೇಲೇಳುತ್ತದೆ, ಹಿಂದಿನದು ಇದ್ದಲ್ಲೇ ಇರುತ್ತದೆ. ಕಂಪನಿ ಹೇಳುವ 226 ಮಿ.ಮೀ. ನೆಲದಂತರ ಲಿಫ್ಟ್ ನಂತರ 276 ಮಿ.ಮೀ. ಆಯಿತೆಂದು ನಂಬಿ ಕಲ್ಲಿನ ಮೇಲೆ ಹಾಯಿಸಿದವರ ಹಿಂದಿನ ಹೌಸಿಂಗ್ ಕಲ್ಲಿಗೆ ಬಡಿಯುವುದು ಇದೇ ಕಾರಣಕ್ಕೆ.

ಟಯರ್ ಲೆಕ್ಕ ಸರಳ. ಥಾರ್‌ನ 255/65 ಆರ್18 ಟಯರ್ ವ್ಯಾಸ ಸುಮಾರು 789 ಮಿ.ಮೀ. ಅದರ ಬದಲು 33 ಇಂಚಿನ, ಅಂದರೆ 838 ಮಿ.ಮೀ. ಟಯರ್ ಹಾಕಿದರೆ ವ್ಯತ್ಯಾಸ 49 ಮಿ.ಮೀ. ಆಕ್ಸಲ್ ಕೆಳಗೆ ಸಿಗುವುದು ಅದರ ಅರ್ಧ, 25 ಮಿ.ಮೀ.ಗೂ ಕಡಿಮೆ. ಜಿಮ್ನಿಯ 195/80 ಆರ್15 ಟಯರ್ 693 ಮಿ.ಮೀ. ಇದೆ. ಹಲವರು ಹಾಕಿಸುವ 215/75 ಆರ್15 ಸುಮಾರು 703 ಮಿ.ಮೀ., ಅಂದರೆ ಆಕ್ಸಲ್ ಏರಿದ್ದು ಕೇವಲ 5 ಮಿ.ಮೀ. ದೊಡ್ಡ ಟಯರ್‌ಗೆ ಬೆಲೆಯೂ ತೆರಬೇಕು. 33 ಇಂಚಿನ ಟಯರಿನ ಥಾರ್‌ನಲ್ಲಿ ಮೀಟರು 100 ತೋರಿಸುವಾಗ ಗಾಡಿ ಮೊದಲಿಗಿಂತ ಶೇಕಡ 6ರಷ್ಟು ಹೆಚ್ಚು ವೇಗದಲ್ಲಿರುತ್ತದೆ. ವೇಗ ಹಿಡಿಯುವ ಕ್ಯಾಮೆರಾಗಳಿರುವ ಬೆಂಗಳೂರು ಹೆದ್ದಾರಿಯಲ್ಲಿ ಇದು ದಂಡದ ವಿಷಯವೂ ಹೌದು. ತೂಕದ ಗಾಲಿಯನ್ನು ನಿಲ್ಲಿಸಲು ಬ್ರೇಕ್ ಹೆಚ್ಚು ದುಡಿಯಬೇಕು, ಗೇರು ಉದ್ದವಾದಂತೆ ಏರಿನಲ್ಲಿ ಎಂಜಿನ್ ಸೋಲುತ್ತದೆ.

ಲಿಫ್ಟ್ ಮಾಡುವ ದಾರಿಗಳಲ್ಲಿ ಅಗ್ಗದ್ದು ಸ್ಪೇಸರ್. ಸ್ಪ್ರಿಂಗ್ ಅಥವಾ ಶಾಕ್ ಅಬ್ಸಾರ್ಬರ್ ತುದಿಗೆ ಅಲ್ಯೂಮಿನಿಯಂ ಅಥವಾ ಪಾಲಿಯುರೆಥೇನ್ ಬಿಲ್ಲೆ ಕೂರಿಸುತ್ತಾರೆ, ಕೆಲವೇ ಸಾವಿರ ರೂಪಾಯಿಯಲ್ಲಿ, ಅರ್ಧ ದಿನದಲ್ಲಿ ಮುಗಿಯುತ್ತದೆ. ಮೈಸೂರು, ಬೆಂಗಳೂರು ರಸ್ತೆಗಳಲ್ಲಿ ಎತ್ತರವಾಗಿ ಕಾಣುವ ಎಷ್ಟೋ ಥಾರ್‌ಗಳ ಗುಟ್ಟು ಇದೇ. ಇಲ್ಲಿ ತಿಳಿಯಬೇಕಾದ ಸೂಕ್ಷ್ಮ ಒಂದಿದೆ. ಥಾರ್‌ನ ಮುಂಭಾಗದಂಥ ವ್ಯವಸ್ಥೆಯಲ್ಲಿ ಶಾಕ್ ಅಬ್ಸಾರ್ಬರ್ ಕೂತಿರುವುದು ವಿಶ್‌ಬೋನ್ ತೋಳಿನ ತುದಿಯಲ್ಲಲ್ಲ, ನಡುವೆ. ಆದ್ದರಿಂದ ಮೇಲೆ ಒಂದು ಇಂಚಿನ ಬಿಲ್ಲೆ ಇಟ್ಟರೆ ಗಾಲಿಯ ಬಳಿ ಎತ್ತರ ಒಂದೂವರೆಯಿಂದ ಎರಡು ಇಂಚಿನವರೆಗೆ ಏರಬಹುದು. ಗಾಲಿ ಪೂರ್ತಿ ಕೆಳಗೆ ಜೋತಾಗ ತೋಳು, ಬಾಲ್ ಜಾಯಿಂಟ್, ಆಕ್ಸಲ್ ಶಾಫ್ಟಿನ ಸಿ.ವಿ. ಜಾಯಿಂಟ್ ಮೂರೂ ಕಂಪನಿ ಎಣಿಸಿದ್ದಕ್ಕಿಂತ ಹೆಚ್ಚು ಬಾಗುತ್ತವೆ. ಮೊದಲು ಹರಿಯುವುದು ಸಿ.ವಿ. ಜಾಯಿಂಟಿನ ರಬ್ಬರ್ ಬೂಟು. ಗ್ರೀಸ್ ಚೆಲ್ಲುತ್ತದೆ, ಒಳಗೆ ಮಣ್ಣು ಹೋಗುತ್ತದೆ, ತಿರುವಿನಲ್ಲಿ ಕಟಕಟ ಸದ್ದು ಶುರುವಾಗುತ್ತದೆ. ಸ್ಪೇಸರಿನಲ್ಲಿ ಉಳಿಸಿದ ಹಣಕ್ಕಿಂತ ಈ ರಿಪೇರಿಯ ಖರ್ಚು ದೊಡ್ಡದು.

ಬಿಲ್ಲೆಯನ್ನು ಸ್ಪ್ರಿಂಗಿಗಷ್ಟೇ ಕೊಟ್ಟು ಹಳೆಯ ಶಾಕ್ ಅಬ್ಸಾರ್ಬರ್ ಉಳಿಸಿಕೊಂಡರೆ ತೊಂದರೆ ಬೇರೆ. ಗಾಡಿ ನಿಂತಲ್ಲೇ ಶಾಕ್ ಅಬ್ಸಾರ್ಬರ್ ಮುಕ್ಕಾಲು ಪಾಲು ಚಾಚಿಕೊಂಡಿರುತ್ತದೆ. ಗುಂಡಿ ಬಂದಾಗ ಗಾಲಿ ಕೆಳಗಿಳಿಯಲು ಜಾಗವೇ ಇರುವುದಿಲ್ಲ. ಕೊರಕಲಿನಲ್ಲಿ ಗಾಲಿ ನೆಲ ಬಿಟ್ಟು ತಿರುಗತೊಡಗುತ್ತದೆ. ಎತ್ತರ ಗಳಿಸಿ ಹಿಡಿತ ಕಳೆದುಕೊಂಡ ಗಾಡಿ ಕಾಡುದಾರಿಯಲ್ಲಿ ಮೊದಲಿಗಿಂತ ಕಡೆ.

ಬಾಡಿ ಲಿಫ್ಟ್ ಇನ್ನೊಂದು ಬಗೆ: ಚಾಸಿಗೂ ಬಾಡಿಗೂ ನಡುವೆ ಬಿಲ್ಲೆ ಇಟ್ಟು ದೊಡ್ಡ ಟಯರ್‌ಗೆ ಜಾಗ ಮಾಡುವುದು. ಚಾಸಿ ಇದ್ದಲ್ಲೇ ಇರುವುದರಿಂದ ಹೊಟ್ಟೆ ಉಜ್ಜುವುದು ತಪ್ಪುವುದಿಲ್ಲ. ಸ್ಟೀರಿಂಗ್ ಕಂಬ, ಗೇರ್ ಲಿವರ್, ವೈರಿಂಗ್ ಎಲ್ಲವನ್ನೂ ಎಳೆದು ಸರಿಪಡಿಸಬೇಕಾಗುತ್ತದೆ. ದಿನಬಳಕೆಯ ಗಾಡಿಗೆ ಇದು ಬೇಡ.

ಕಮಾನು ಪಟ್ಟೆಯ ಗಾಡಿಗಳ ಕಥೆ ಹಳೆಯದು, ನಮ್ಮವರಿಗೆ ಚೆನ್ನಾಗಿ ಗೊತ್ತಿರುವುದು. ಮಹೀಂದ್ರ 1947ರಲ್ಲಿ ವಿಲ್ಲೀಸ್ ಜೀಪು ಜೋಡಿಸಲು ಶುರುಮಾಡಿದ ಕಾಲದಿಂದ ತೋಟದ ಮನೆಗಳಲ್ಲಿ ಜೀಪು ಇದೆ. 1985ರಲ್ಲಿ ಮಾರುತಿ ಜಿಪ್ಸಿ ಬಂತು. ಪಟ್ಟೆ ಕುಸಿದರೆ ಸ್ಪ್ರಿಂಗ್ ಅಂಗಡಿಯಲ್ಲಿ ಬಾಗು ಹೊಡೆಸುವುದು, ಒಂದು ಎಲೆ ಹೆಚ್ಚು ಸೇರಿಸುವುದು, ಉದ್ದದ ಶ್ಯಾಕಲ್ ಹಾಕುವುದು ಎಲ್ಲರೂ ಮಾಡಿದ್ದೇ. ಎಲೆ ಸೇರಿಸಿದರೆ ಎತ್ತರ ಸಿಗುತ್ತದೆ, ಆದರೆ ಖಾಲಿ ಗಾಡಿ ಕಲ್ಲಿನ ಮೇಲೆ ಎಗರುತ್ತದೆ. ಮುಂದೆ ಶ್ಯಾಕಲ್ ಉದ್ದ ಮಾಡಿದರೆ ಆಕ್ಸಲಿನ ಕೋನ ತಿರುಗಿ ಸ್ಟೀರಿಂಗ್ ಅಲೆದಾಡತೊಡಗುತ್ತದೆ. ಜಿಪ್ಸಿಯಲ್ಲಿ ಪಟ್ಟೆಗಳು ಆಕ್ಸಲಿನ ಅಡಿಯಲ್ಲಿರುತ್ತವೆ. ಅವನ್ನು ಆಕ್ಸಲ್ ಮೇಲಕ್ಕೆ ಬೆಸುಗೆ ಹಾಕಿ ಕೂರಿಸಿದರೆ ಒಮ್ಮೆಗೇ ನಾಲ್ಕೈದು ಇಂಚು ಏರುತ್ತದೆ. ಸ್ಪರ್ಧೆಗೆಂದೇ ಕಟ್ಟಿ, ಟ್ರಕ್ಕಿನ ಮೇಲೆ ಸಾಗಿಸುವ ಗಾಡಿಗೆ ಅದು ಸರಿ. ಮಕ್ಕಳನ್ನು ಕೂರಿಸಿಕೊಂಡು ಮಂಡ್ಯ ದಾಟುವ ಗಾಡಿಗೆ ಖಂಡಿತ ಅಲ್ಲ.

ಜಿಮ್ನಿಗೆ ಮುಂದೆಯೂ ಹಿಂದೆಯೂ ಇಡೀ ಆಕ್ಸಲ್, ಕಾಯಿಲ್ ಸ್ಪ್ರಿಂಗ್, ನೆಲದಂತರ 210 ಮಿ.ಮೀ. ಇದರ ಆಕ್ಸಲನ್ನು ಪಕ್ಕಕ್ಕೆ ಸರಿಯದಂತೆ ಹಿಡಿಯುವುದು ಅಡ್ಡವಾಗಿ ಕೂತ ಒಂದು ಕಂಬಿ. ಗಾಡಿ ಎತ್ತರವಾದಾಗ ಆ ಕಂಬಿ ಹೆಚ್ಚು ಓರೆಯಾಗಿ ಇಡೀ ಆಕ್ಸಲನ್ನು ಒಂದು ಬದಿಗೆ ಎಳೆದುಕೊಳ್ಳುತ್ತದೆ. ಮುಂದಿನ ಗಾಲಿಗಳ ಕ್ಯಾಸ್ಟರ್ ಕೋನ ಕಡಿಮೆಯಾಗಿ ಹೆದ್ದಾರಿ ವೇಗದಲ್ಲಿ ಸ್ಟೀರಿಂಗ್ ನಡುಗುವ ಅಪಾಯವಿದೆ. ಆದ್ದರಿಂದ ಜಿಮ್ನಿಯ ಒಳ್ಳೆಯ ಕಿಟ್ ಎಂದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಮಾತ್ರವಲ್ಲ. ಕ್ಯಾಸ್ಟರ್ ಸರಿಪಡಿಸುವ ಬುಷ್, ಉದ್ದ ಹೊಂದಿಸಬಹುದಾದ ಅಡ್ಡಕಂಬಿ, ಉದ್ದದ ಬ್ರೇಕ್ ಹೋಸ್ ಇವೂ ಅದರೊಳಗಿರಬೇಕು. ಇವಿಲ್ಲದ ಕಿಟ್ ಅಗ್ಗವಾಗಿ ಕಾಣುತ್ತದೆ, ಅಷ್ಟೆ.

ಕಿಟ್ ಆಯ್ಕೆಯಲ್ಲಿ ಜನ ಮೊದಲು ಕೇಳುವುದು ಇಂಚು. ಮೊದಲು ಕೇಳಬೇಕಾದದ್ದು ತೂಕ. ಹಿಂದಿನ ಎರಡು ಸ್ಪ್ರಿಂಗ್ ಸೇರಿ ಪ್ರತಿ ಮಿಲಿಮೀಟರ್ ಕುಸಿತಕ್ಕೆ 5 ಕೆ.ಜಿ. ಹೊರುತ್ತವೆ ಎಂದಿಟ್ಟುಕೊಳ್ಳೋಣ. ಹಿಂದಿನ ಬಂಪರ್, ಡಬ್ಬಿ, ಸಾಮಾನು ಸೇರಿ 150 ಕೆ.ಜಿ. ಬಿದ್ದರೆ ಗಾಡಿ 30 ಮಿ.ಮೀ. ಕೂರುತ್ತದೆ. ಖಾಲಿ ಗಾಡಿಗೆ ಕೊಟ್ಟ 40 ಮಿ.ಮೀ. ಎತ್ತರದಲ್ಲಿ ಉಳಿದದ್ದು 10. ಹಾಗೆಂದು ಭಾರದ ಸ್ಪ್ರಿಂಗ್ ಹಾಕಿ ಖಾಲಿ ಓಡಿಸಿದರೆ ಸೊಂಟ ಮುರಿಯುತ್ತದೆ, ಗಾಲಿ ನೆಲಕ್ಕೆ ಕಚ್ಚುವುದಿಲ್ಲ. ಆಸ್ಟ್ರೇಲಿಯಾದ ಎ.ಆರ್.ಬಿ. ಕಂಪನಿಯ ಓಲ್ಡ್ ಮ್ಯಾನ್ ಇಮು, ಅದೇ ದೇಶದ ಐರನ್‌ಮ್ಯಾನ್ ಮುಂತಾದವರು ಒಂದೇ ಗಾಡಿಗೆ ಬೇರೆ ಬೇರೆ ಭಾರದ ಸ್ಪ್ರಿಂಗ್ ಮಾರುವುದು ಇದಕ್ಕಾಗಿ. ಇಂಥ ಪೂರ್ಣ ಕಿಟ್‌ಗಳ ಬೆಲೆ ಲಕ್ಷ ದಾಟುತ್ತದೆ. ಆ ಹಣಕ್ಕೆ ಅರ್ಥ ಬರುವುದು ಗಾಡಿಯ ನಿಜವಾದ ತೂಕವನ್ನು ಹೇಳಿ ಸ್ಪ್ರಿಂಗ್ ಆರಿಸಿದಾಗ ಮಾತ್ರ. ಸುತ್ತಮುತ್ತ ಎಲ್ಲಿ ನೋಡಿದರೂ ಲಾರಿ ತೂಗುವ ವೇಬ್ರಿಡ್ಜ್‌ಗಳಿವೆ. ಮುಂದಿನ ಗಾಲಿಗಳನ್ನಷ್ಟೇ, ಆಮೇಲೆ ಹಿಂದಿನವನ್ನಷ್ಟೇ ತಟ್ಟೆಯ ಮೇಲೆ ನಿಲ್ಲಿಸಿ ತೂಗಿಸಿ ಚೀಟಿ ತಂದರೆ ಕಿಟ್ ಮಾರುವವರೊಂದಿಗಿನ ಮಾತುಕತೆಯೇ ಬದಲಾಗುತ್ತದೆ.

ತೂಕಕ್ಕೆ ಮಿತಿಯೂ ಇದೆ. ಜಿಮ್ನಿಯ ಒಟ್ಟು ತೂಕ 1,545 ಕೆ.ಜಿ. ಮೀರಬಾರದು. ಗಾಡಿಯದ್ದೇ ಸುಮಾರು 1,200 ಕೆ.ಜಿ. ನಾಲ್ಕು ಜನ ಕೂತರೆ ಉಳಿಯುವುದು ಬಹಳ ಕಡಿಮೆ. ಆಮೇಲೆ ಕಬ್ಬಿಣದ ಬಂಪರ್, ವಿಂಚ್, ಛಾವಣಿಯ ಕ್ಯಾರಿಯರ್ ಏರಿಸಿದರೆ ಎಷ್ಟು ಗಟ್ಟಿ ಸ್ಪ್ರಿಂಗ್ ಹಾಕಿದರೂ ಆಕ್ಸಲ್, ಬ್ರೇಕ್‌ಗಳ ಶಕ್ತಿ ಹೆಚ್ಚುವುದಿಲ್ಲ.

ಎತ್ತರದ ನಿಜವಾದ ಬೆಲೆ ಹೆದ್ದಾರಿಯಲ್ಲಿ ಗೊತ್ತಾಗುತ್ತದೆ. ಗಾಡಿ ಮಗುಚುವ ಸಂಭವ ಅಳೆಯಲು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ ಬಳಸುವ ಸೂತ್ರ ಸರಳವಾಗಿದೆ: ಎಡಬಲ ಗಾಲಿಗಳ ನಡುವಿನ ಅಂತರವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸುವುದು. ಥಾರ್‌ನ ಗಾಲಿಗಳ ಅಂತರ 1,520 ಮಿ.ಮೀ. ಗುರುತ್ವ ಕೇಂದ್ರ ನೆಲದಿಂದ 700 ಮಿ.ಮೀ. ಎಂದು ಇಟ್ಟುಕೊಂಡರೆ ಉತ್ತರ 1.09. ಎರಡು ಇಂಚು ಲಿಫ್ಟ್, ಮೇಲೆ 33 ಇಂಚಿನ ಟಯರ್ ಸೇರಿ ಆ ಕೇಂದ್ರ 60 ಮಿ.ಮೀ. ಏರಿದರೆ ಉತ್ತರ 1.00ಕ್ಕೆ ಇಳಿಯುತ್ತದೆ. ಮೊದಲೇ ಎತ್ತರದ ಗಾಡಿಗೆ ಇದು ಸಣ್ಣ ಇಳಿತವಲ್ಲ. ಥಾರ್‌ನ ಇ.ಎಸ್.ಪಿ. ವ್ಯವಸ್ಥೆಗೆ ಮಗುಚುವುದನ್ನು ತಡೆಯುವ ಕೆಲಸವೂ ಇದೆ, ಆದರೆ ಅದರ ಲೆಕ್ಕಾಚಾರ ಕಾರ್ಖಾನೆಯ ಎತ್ತರಕ್ಕೆ ಮಾಡಿದ್ದು. 2020ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಥಾರ್ ಗಳಿಸಿದ ನಾಲ್ಕು ನಕ್ಷತ್ರಗಳೂ ಆ ಎತ್ತರದ ಗಾಡಿಗೇ ಸಿಕ್ಕವು. ಹೆಡ್‌ಲೈಟ್ ಕೂಡ ಎದುರಿನವರ ಕಣ್ಣಿಗೆ ನೇರ ಹೊಡೆಯತೊಡಗುತ್ತದೆ. ಲಿಫ್ಟ್ ಆದ ದಿನವೇ ಅದನ್ನು ಕೆಳಗೆ ತಿರುಗಿಸಬೇಕು. ಬಹಳ ಜನ ಮರೆಯುವ ಈ ಚಿಕ್ಕ ಕೆಲಸಕ್ಕೆ ಖರ್ಚೇ ಇಲ್ಲ.

ನೀರಿನ ವಿಷಯದಲ್ಲಿ ಒಂದು ಸ್ಪಷ್ಟನೆ ಬೇಕು. 2018ರ ನೆರೆಯಲ್ಲಿ ಕೇರಳದ ಆಫ್‌ರೋಡ್ ಕ್ಲಬ್‌ಗಳವರು ತಮ್ಮ ಎತ್ತರದ ಜೀಪುಗಳನ್ನು ರಕ್ಷಣೆಗೆ ಇಳಿಸಿದ್ದು ಎಲ್ಲರಿಗೂ ಗೊತ್ತು. ಅದು ಎತ್ತರದ ಪರವಾದ ಗಟ್ಟಿ ವಾದ, ಅಲ್ಲಗಳೆಯುವಂಥದ್ದಲ್ಲ. ಆದರೆ ಲಿಫ್ಟ್ ಮಾಡಿದಾಗ ಎಂಜಿನ್ನಿನ ಗಾಳಿಬಾಯಿ ಎರಡು ಇಂಚು ಮೇಲೇರಬಹುದೇ ಹೊರತು ಆಕ್ಸಲ್‌ಗಳು ಹಿಂದಿನ ಆಳದಲ್ಲೇ ಮುಳುಗುತ್ತವೆ. ಅವುಗಳ ಉಸಿರು ಕೊಳವೆಯನ್ನು ಮೇಲಕ್ಕೆ ಒಯ್ಯದಿದ್ದರೆ ಎಣ್ಣೆಗೆ ನೀರು ಸೇರುತ್ತದೆ. ಥಾರ್‌ಗೆ ಕಂಪನಿ ಹೇಳುವ ಮಿತಿ 650 ಮಿ.ಮೀ., ಅದೂ ನಿಂತ ನೀರಿಗೆ ಎಂದೇ ತಿಳಿಯಬೇಕು. ಹರಿವ ಹಳ್ಳ ಅದಕ್ಕಿಂತ ಕಡಿಮೆ ಆಳದಲ್ಲೂ ಗಾಡಿಯನ್ನು ತಳ್ಳಿಬಿಡುತ್ತದೆ.

ನಂಜನಗೂಡು, ಚಾಮರಾಜನಗರ ಕಡೆಯ ಕಪ್ಪು ಮಣ್ಣಿನಲ್ಲಿ ಸಿಕ್ಕಿಕೊಂಡ ಗಾಡಿಗೂ ಲಿಫ್ಟ್ ಹೆಚ್ಚು ನೆರವಾಗದು. ಅಲ್ಲಿ ಬೇಕಾದದ್ದು ಮಣ್ಣು ಉದುರಿಸಿಕೊಳ್ಳುವ ಟಯರ್, ಇಳಿಸಿದ ಗಾಳಿ, ಜೊತೆಗೊಂದು ಗಾಡಿ ಮತ್ತು ಹಗ್ಗ. ಕೊರಕಲಿನಲ್ಲಿ ಎರಡು ಗಾಲಿ ಗಾಳಿಯಲ್ಲಿ ತಿರುಗುವ ಸಮಸ್ಯೆಗೆ ಡಿಫರೆನ್ಶಿಯಲ್ ಲಾಕ್ ಉತ್ತರ. ಗೂರ್ಖಾದಲ್ಲಿ ಅದು ಎರಡೂ ಆಕ್ಸಲ್‌ಗೆ ಕಾರ್ಖಾನೆಯಿಂದಲೇ ಬರುತ್ತದೆ, ನೆಲದಂತರವೂ 2024ರ ಮಾದರಿಯಲ್ಲಿ 233 ಮಿ.ಮೀ. ಇದೆ. ಅದನ್ನು ಕೊಂಡವರಿಗೆ ಲಿಫ್ಟ್ ಕಿಟ್‌ನ ತುರ್ತು ಬಹುಮಟ್ಟಿಗೆ ಇಲ್ಲ.

ಇನ್ನು ಕಾನೂನು. ಮಾಲೀಕರು ಇದನ್ನು ಕೇಳದೆ ಮುಂದೆ ಹೋಗುವುದೇ ಹೆಚ್ಚು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗುವಂತೆ ಗಾಡಿ ಬದಲಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಅರ್ಥೈಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಆಗಬಹುದು. ನೋಂದಣಿ ಪತ್ರದಲ್ಲಿ ನೆಲದಂತರ ಬರೆದಿರುವುದಿಲ್ಲವಾದ್ದರಿಂದ ಸಣ್ಣ ಲಿಫ್ಟ್ ತಪ್ಪಲ್ಲ ಎಂದು ವಾದಿಸುವವರಿದ್ದಾರೆ. ಆ ವಾದದ ಮೇಲೆ ಲಕ್ಷ ರೂಪಾಯಿ ಹೂಡುವುದು ಜಾಣತನವಲ್ಲ. ಅಪಘಾತವಾದರೆ ವಿಮಾ ಕಂಪನಿ ಮೊದಲು ನೋಡುವುದೂ ತಿಳಿಸದೆ ಮಾಡಿದ ಬದಲಾವಣೆಗಳನ್ನೇ. ಕೆಎ-09 ಇರಲಿ, ಕೆಎ-55 ಇರಲಿ, ಕಿಟ್ ಕೊಳ್ಳುವ ಮೊದಲು ಆರ್.ಟಿ.ಒ. ಕಚೇರಿಯಲ್ಲೂ ವಿಮೆಯವರಲ್ಲೂ ಲಿಖಿತವಾಗಿ ಕೇಳಿ ಉತ್ತರ ಇಟ್ಟುಕೊಳ್ಳಬೇಕು.

ಆಸ್ಟ್ರೇಲಿಯಾದಲ್ಲಿ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬದಲಾದರೂ ಒಂದು ಕ್ರಮವಿದೆ. ಸಸ್ಪೆನ್ಷನ್‌ನಿಂದ ಸಣ್ಣ ಎತ್ತರ, ಸಾಮಾನ್ಯವಾಗಿ 50 ಮಿ.ಮೀ.ವರೆಗೆ, ಸರಳ ಬದಲಾವಣೆ ಎನಿಸಿಕೊಳ್ಳುತ್ತದೆ. ಅದನ್ನು ಮೀರಿದರೆ ಅರ್ಹ ಎಂಜಿನಿಯರ್ ಪರೀಕ್ಷಿಸಿ ಪ್ರಮಾಣಪತ್ರ ಕೊಡಬೇಕು. ವೇಗದಲ್ಲಿ ಲೇನ್ ಬದಲಿಸಿ ನೋಡುವ ಪರೀಕ್ಷೆಯೂ ಅದರಲ್ಲಿದೆ. ನಮ್ಮಲ್ಲಿ ಎಲ್ಲ ಬದಲಾವಣೆಗೂ ಒಂದೇ ಅನುಮಾನದ ಕಣ್ಣು. ಫಲವಾಗಿ ಸರಿಯಾದ ಕಿಟ್ ಹಾಕಿಸಿದವರೂ ಬಿಲ್ಲೆ ತುರುಕಿದವರೂ ಕಾನೂನಿನ ಮುಂದೆ ಸಮಾನರಾಗಿದ್ದಾರೆ. ಕಳ್ಳತನದಲ್ಲಿ ನಡೆಯುವ ಕೆಲಸಕ್ಕೆ ಗುಣಮಟ್ಟ ಕೇಳುವವರಿಲ್ಲ. ರಾಜ್ಯದ ಸಾರಿಗೆ ಇಲಾಖೆ, ಮಲೆನಾಡು ಮತ್ತು ಕೊಡಗಿನ ಅಗತ್ಯ ಮುಂದಿಟ್ಟು, ಇಂಥದೊಂದು ಪರೀಕ್ಷಾ ಕ್ರಮವನ್ನು ಕೇಂದ್ರದ ಬಳಿ ಕೇಳಬೇಕು.

ಅಲ್ಲಿಯವರೆಗೆ ಮೈಸೂರಿನಲ್ಲಿ ದಿನವೂ ಓಡುವ ಗಾಡಿಗೆ ಹೇಳಬಹುದಾದದ್ದು ಇಷ್ಟು. ಮೊದಲು ಕಂಪನಿಯ ಅಳತೆಯಲ್ಲೇ ಒಳ್ಳೆಯ ಆಲ್ ಟೆರೇನ್ ಟಯರ್ ಹಾಕಿಸಿ ಒಂದು ಮಳೆಗಾಲ ಓಡಿಸಬೇಕು. ಆಮೇಲೂ ಹೊಟ್ಟೆ ಉಜ್ಜಿದರೆ, ಅನುಮತಿಯ ಪ್ರಶ್ನೆ ಬಗೆಹರಿಸಿಕೊಂಡು, ತೂಕಕ್ಕೆ ತಕ್ಕ ಸ್ಪ್ರಿಂಗ್ ಮತ್ತು ಅದಕ್ಕೆ ಹೊಂದುವ ಉದ್ದದ ಶಾಕ್ ಅಬ್ಸಾರ್ಬರ್ ಇರುವ, 40ರಿಂದ 50 ಮಿ.ಮೀ. ದಾಟದ ಪೂರ್ಣ ಕಿಟ್ ಹಾಕಿಸಬಹುದು. ಸ್ಪೇಸರ್ ಬೇಡ. ನಾಲ್ಕು ಇಂಚಿನ ಗಾಡಿ ಸ್ಪರ್ಧೆಯ ಟ್ರ್ಯಾಕಿಗೆ ಮಾತ್ರ. ಕಿಟ್ ಕೂರಿಸುವ ಗ್ಯಾರೇಜಿನಿಂದ ಬಿಲ್ಲಿನಲ್ಲಿ ಸ್ಪ್ರಿಂಗಿನ ನಂಬರು, ನಾಲ್ಕೂ ಗಾಲಿಯ ಬಳಿ ಮೊದಲಿನ ಮತ್ತು ನಂತರದ ಎತ್ತರ, ವೀಲ್ ಅಲೈನ್‌ಮೆಂಟಿನ ಮುದ್ರಿತ ಚೀಟಿ ಕೇಳಿ ಪಡೆಯಿರಿ. 500 ಕಿ.ಮೀ. ಓಡಿದ ಮೇಲೆ ಎಲ್ಲ ಬೋಲ್ಟುಗಳನ್ನು ಮತ್ತೆ ಬಿಗಿ ಮಾಡಿಸಿ, ಅಲೈನ್‌ಮೆಂಟ್ ಇನ್ನೊಮ್ಮೆ ನೋಡಿಸಿ. ಈ ಮೂರು ಕಾಗದ ಕೊಡಲು ಒಪ್ಪದ ಗ್ಯಾರೇಜಿಗೆ ಗಾಡಿ ಬಿಡಬೇಡಿ.